ನಾಲ್ಕನೆಯ ಬಟ್ಟಲು

ಬೈತಖೋಲದ ಗುಡ್ಡದ ಮೇಲೆ, ಗೇರುಮರಗಳ ನಡುವೆ,
ಬೇಸಿಗೆ ಕಳೆಯಲು ದೊರೆಗಳು ಕಟ್ಟಿಸಿದ್ದ ಬಂಗಲೆ.
ನಾನು ಲೋಕೋಪಯೋಗಿ ಇಲಾಖೆಯವ. ಕೈಯಲ್ಲಿ ಟೇಪು,
ಕಂಕುಳಲ್ಲಿ ಡೆಡ್ ಸ್ಟಾಕ್ ರಜಿಸ್ಟರು.
ಕೆಡವುವ ಮೊದಲು ಇದ್ದದ್ದನ್ನೆಲ್ಲ ಬರೆಯಬೇಕು,
ಇಲ್ಲದ್ದನ್ನೂ, ಇಲ್ಲವೆಂದು.

ಹೆಂಚು ಅರ್ಧ. ಬಾಗಿಲು ಏಳು, ಕದ ಮೂರು.
ಪಡಸಾಲೆ, ಕಡಲಿಗೆ ಮುಖ, ಮೂವತ್ತೊಂದು ಅಡಿ
ಎಂದು ಬರೆಯುವಷ್ಟರಲ್ಲಿ ಟೇಪಿನ ಮೇಲೊಂದು ಕಟ್ಟಿರುವೆ
ಹದಿನಾಲ್ಕನೆಯ ಅಡಿಯಲ್ಲಿ ನಿಂತು, ಮೀಸೆ ತಿರುವಿ,
ಹಿಂದಕ್ಕೆ ಹೋಯಿತು.
ಅದರ ಲೆಕ್ಕದಲ್ಲಿ ಏನೋ ತಪ್ಪಿತ್ತು, ಅಥವಾ ನನ್ನದರಲ್ಲಿ.

ಊಟದ ಕೋಣೆಯಲ್ಲಿ ತೇಗದ ಕಪಾಟು, ಜಾಳಿಗೆಯ ಬಾಗಿಲು.
ಸಕ್ಕರೆ, ಬೆಣ್ಣೆ, ಮುಂಬಯಿಯಿಂದ ಬಂದ ಬಿಸ್ಕೀಟು
ಇಡುತ್ತಿದ್ದರಂತೆ. ಕಾಲಿನ ಕೆಳಗೆ ಪಿಂಗಾಣಿ ಬಟ್ಟಲು,
ಬಟ್ಟಲಲ್ಲಿ ನೀರು.
ಒಂದೊಂದು ಕಾಲೂ ಒಂದೊಂದು ಕೂರ್ಮಗಡ,
ಸುತ್ತ ಮೂರು ಬೆರಳಗಲದ ಸಮುದ್ರ.
ಇರುವೆಗೆ ದೋಣಿಯಿಲ್ಲವೆಂದು ನಂಬಿದ್ದರು
ಹಡಗಿನಲ್ಲಿ ಬಂದವರು.

ನೀರು ತುಂಬುವುದು ಮಿಂಗೇಲನ ಕೆಲಸ.
ದಿನಕ್ಕೆರಡು ಸಲ, ಮೊಣಕಾಲೂರಿ.
ತಿಂಗಳಿಗೆ ನಾಲ್ಕು ರೂಪಾಯಿ, ಹಳೆಯ ಟೊಪ್ಪಿಗೆ ಒಂದು.
ಹೇಳಿದ್ದು ಅವನ ಮೊಮ್ಮಗಳು ನತಾಲಬಾಯಿ,
ಮನೆ ಗುಡ್ಡದ ಬುಡದಲ್ಲಿ.
ಬಂಗಲೆಯ ಬೀಗದಕೈ ಈಗಲೂ ಅವಳ ಹತ್ತಿರ ಇದೆ,
ಬೀಗವಿಲ್ಲ.
"ಸಕ್ಕರೆಯಲ್ಲಿ ಒಂದು ಇರುವೆ ಕಂಡರೆ ಒಂದಾಣೆ ಕಟ್.
ಅಜ್ಜ ಪಾದ್ರಿಗಿಂತ ಹೆಚ್ಚು ಇರುವೆಗೆ ಹೆದರುತ್ತಿದ್ದ."

ಗೆದ್ದಲು ಕಟ್ಟಿದ್ದು ಹಾವಿಗಾಯಿತು ಎಂಬ ಗಾದೆಯುಂಟು.
ದೊರೆ ಕಟ್ಟಿಸಿದ್ದು ಇರುವೆಗಾಯಿತು ಎಂಬುದಕ್ಕೆ
ಇನ್ನೂ ಯಾರೂ ಗಾದೆ ಮಾಡಿಲ್ಲ.
ಕಿಟಕಿಯೊಳಗೆ ಕೈಚಾಚಿದ ಮಾವಿನ ಟೊಂಗೆಯಲ್ಲಿ
ಚಗಳಿಗಳು ಎಲೆಗೆ ಎಲೆ ಹೊಲಿಯುತ್ತಿವೆ,
ಮರಿಹುಳುವನ್ನೇ ಲಾಳಿ ಮಾಡಿ, ಅದರ ಬಾಯಿಯ ರೇಷ್ಮೆಯಿಂದ.
ದೂರದ ಎಲೆಯನ್ನು ಹತ್ತಿರ ತರಲು
ಒಂದರ ಸೊಂಟ ಒಂದು ಕಚ್ಚಿ, ಗಾಳಿಯಲ್ಲಿ ಸರಪಳಿ.
ಮೇಮ್‌ಸಾಹೇಬರು ಕಸೂತಿ ಹಾಕುತ್ತಿದ್ದದ್ದು ಇಲ್ಲೇ ಅಂತೆ.
ಕುರ್ಚಿ, ಬೆತ್ತದ್ದು: ಇಲ್ಲ.

ಮೂಲೆಯಲ್ಲಿ ಸಣ್ಣ ಕಪ್ಪು ರಾಶಿ. ಚಹಾಪುಡಿ ಎಂದುಕೊಂಡೆ.
ಬಗ್ಗಿದರೆ ಸತ್ತ ಇರುವೆಗಳು: ತಲೆ, ಕಾಲು, ಖಾಲಿ ಹೊಟ್ಟೆ.
ನೋಡುತ್ತಿದ್ದಂತೆ ಒಂದು ಬಂತು, ಇನ್ನೊಂದನ್ನು ಹೊತ್ತು.
ಇಳಿಸಿತು. ನಿಲ್ಲಲಿಲ್ಲ.

ಹಿತ್ತಲಲ್ಲಿ ಯಾವುದೋ ದೊರೆಯ ಮಗುವಿನ ಗೋರಿ.
ಹೆಸರನ್ನು ಪಾಚಿ ತಿಂದಿದೆ, ಇಸವಿ ಉಳಿದಿದೆ.
ಕೆತ್ತಿದ ಗೆರೆಗಳ ಕಾಲುವೆಯಲ್ಲಿ ಕೆಂಪಿರುವೆಯ ಸಾಲು
ಒಂದರಲ್ಲಿ ನೇರ ಇಳಿದು, ಕಲ್ಲು ದಾಟಿ,
ಎಂಟರಲ್ಲಿ ಸಿಕ್ಕಿ, ಸುತ್ತಿದ್ದೇ ಸುತ್ತಿದ್ದು.
ಈ ಕಲ್ಲನ್ನು ಈಚೆಗೆ ಓದಿದ್ದು ಅವಷ್ಟೇ.

ಕಪಾಟಿಗೆ ಮರಳಿದೆ. ಎಣಿಸಿದೆ. ಬಟ್ಟಲು ಮೂರು.
ಮತ್ತೆ ಎಣಿಸಿದೆ.
ಎಡ ಹಿಂಗಾಲು ಬರೀ ನೆಲದ ಮೇಲೆ.
ಅದರ ಗುಂಟ ಮೇಲಕ್ಕೆ, ಎಳೆಯಷ್ಟೇ ಅಗಲ,
ತೇಗ ಸವೆದು ಹೊಳೆಯುವ ಒಂದು ದಾರಿ.
ಎಷ್ಟು ಪಾದ ಬೇಕು ತೇಗ ಸವೆಯಲು?

ಇಳಿದು ಬಂದೆ. ನತಾಲಬಾಯಿ ಚಹಾ ಕೊಟ್ಟಳು.
ಅಂಗಳದಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು
ನೀಲಿ ಅಂಚಿನ ಪಿಂಗಾಣಿ ಬಟ್ಟಲಲ್ಲಿ.
ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.
"ಮೂರು ತಿಂಗಳ ಸಂಬಳ ಬಾಕಿ ಇಟ್ಟು ಹೊರಟಿದ್ದರು.
ಹಿಂದಿನ ರಾತ್ರಿ ಅಜ್ಜ ಒಬ್ಬನೇ ಕಪಾಟು ಎತ್ತಿ
ಇದನ್ನು ತಂದ.
ನಾಲ್ಕೂ ತರಬಹುದಿತ್ತಲ್ಲ ಅಂದಳಂತೆ ಅಜ್ಜಿ.
ಒಂದು ಸಾಕು ಅಂದನಂತೆ."

ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು. ಪೂರ್ತಿ ಕುಡಿದೆ.
ರಜಿಸ್ಟರು ತೆರೆದೆ.
ಪಿಂಗಾಣಿ ಬಟ್ಟಲು, ಮೂರು.
ಆಮೇಲೆ ಹಿಂದಿನ ಸಾಲಿಗೆ ಹೋಗಿ
'ತೇಗದ ಕಪಾಟು, ಒಂದು' ಎಂಬುದರ ಮುಂದೆ
ದುಂಡಗಿನ ಅಕ್ಷರದಲ್ಲಿ ಸೇರಿಸಿದೆ:
ಕಾಲು ಮೂರು.