ಒಂಬತ್ತನೆಯದರ ಐದು ಗಂಟೆ

ಬಾಯಾರಿನ ಮುರಕಲ್ಲು ಗುಡ್ಡೆಗೆ ಅಡ್ಡ ಕೊರೆದ ಸುರಂಗ,
ಬೆನ್ನು ಬಗ್ಗಿಸಿ ಒಬ್ಬ ಹೋಗುವಷ್ಟು ಎತ್ತರ,
ಇನ್ನೂರ ಹತ್ತು ಕೋಲು ಉದ್ದ.
ಅದರೊಳಗೆ ಹನ್ನೊಂದು ಡಬ್ಬಿ ಇಟ್ಟು ಬಂದಿದ್ದೇನೆ,
ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡವು.
ನೀರಿನ ಮಟ್ಟ, ಗೋಡೆಯ ಬೆವರು, ಕೆಟ್ಟ ಗಾಳಿಯ ಪಾಲು
ಅಳೆದು ಹೇಳಬೇಕಾದವು.

ಹೇಳುವುದೇ ಕಷ್ಟ.
ಒದ್ದೆ ಮುರಕಲ್ಲು ರೇಡಿಯೊ ಅಲೆಯನ್ನು ಕುಡಿದುಬಿಡುತ್ತದೆ,
ಒಂದು ತಿರುವು ದಾಟಿದರೆ ಪಿಸುಮಾತೂ ಇಲ್ಲ.
ಹಾಗಾಗಿ ಹನ್ನೊಂದನೆಯದು ಹತ್ತಕ್ಕೆ ಹೇಳುತ್ತದೆ,
ಹತ್ತು ತನ್ನದನ್ನೂ ಸೇರಿಸಿ ಒಂಬತ್ತಕ್ಕೆ,
ಕೊನೆಗೆ ಬಾಯಿಯಲ್ಲಿ ಕೂತ ಒಂದನೆಯದು
ಎಲ್ಲರ ಮಾತನ್ನೂ ಒಟ್ಟುಮಾಡಿ
ಗುಡ್ಡೆಯ ನೆತ್ತಿಯ ಕಂಬಕ್ಕೆ ಎಸೆಯುತ್ತದೆ.
ಎರಡು ಸೆಲ್ಲು, ಒಂದು ವರ್ಷ
ಎಂದು ಪ್ರಾಜೆಕ್ಟಿನ ಕಾಗದದಲ್ಲಿ ಬರೆದುಕೊಟ್ಟಿದ್ದೇವೆ.
ಅದಕ್ಕೆ ಗಂಟೆಗೆ ನಾಲ್ಕು ಸೆಕೆಂಡು ಎಚ್ಚರ,
ಉಳಿದದ್ದು ನಿದ್ದೆ.

"ಗಂಟೆಗೆ ನಾಲ್ಕು ಸೆಕೆಂಡಾ?
ಭಾರೀ ಒಳ್ಳೆ ನೌಕರಿ, ಮಿಸ್ರಿಯಾ"
ಎಂದರು ಮಾಂಕು ಮೂಲ್ಯರು.
ಈ ಸುರಂಗ ಅವರದೇ ಪಿಕ್ಕಾಸಿನದು,
ಮೂರು ಬೇಸಿಗೆ.
ಈಗ ಮೊಣಕಾಲು ಮಡಿಸಬಾರದೆಂದು
ಮಂಗಲ್ಪಾಡಿಯ ಡಾಕ್ಟ್ರು ಹೇಳಿದ್ದಾರೆ.
ಹಾಗಾಗಿ ಬಾಯಿಯ ಹೊರಗಿನ ಕಲ್ಲಿನ ಮೇಲೆ ಕೂತು
ನಾನು ತೆವಳಿ ಬರುವುದನ್ನು ಕಾಯುತ್ತಾರೆ.

ನಲವತ್ತೇಳನೆಯ ದಿನ ಒಂದನೆಯದು ಸತ್ತಿತು.
ಅದರ ಹಿಂದಿನ ಹತ್ತೂ ಬದುಕಿಯೇ ಇದ್ದವು,
ಕತ್ತಲಲ್ಲಿ ಗಂಟೆಗೊಮ್ಮೆ ಎದ್ದು
ಕೇಳುವವರಿಲ್ಲದೆ ವರದಿ ಒಪ್ಪಿಸುತ್ತ.
ತೇವ ಹೊಕ್ಕಿರಬೇಕೆಂದು ಹೊಸದು ಇಟ್ಟೆ, ಮೇಣ ಮೆತ್ತಿ.
ಅದೂ ಐವತ್ತು ದಾಟಲಿಲ್ಲ.

"ಕೆಸರು ತೆಗೆಯುವಾಗ ನೋಡಿದ್ದೀಯಾ ನೀನು?
ಪ್ರತಿಯೊಬ್ಬ ಅವನವನ ಕಾಲಬುಡದ್ದು ಬಾಚಿ ಮುಂದಕ್ಕೆ ದಾಟಿಸ್ತಾನೆ.
ಒಳಗಿನವನಿಗೆ ಅವನ ಬುಟ್ಟಿ ಮಾತ್ರ.
ಬಾಯಲ್ಲಿ ನಿಂತವನಿಗೆ ಊರಿನದ್ದೆಲ್ಲ.
ಅವ ಮಧ್ಯಾಹ್ನಕ್ಕೇ ಮಲಗ್ತಾನೆ."
"ಮತ್ತೆ ನೀವೆಂತ ಮಾಡ್ತಿದ್ದದ್ದು?"
"ಬಾಯಲ್ಲಿ ಇಬ್ಬರು. ಒಂದು ಬೀಡಿಯ ಹೊತ್ತು ಅವ, ಒಂದು ಬೀಡಿ ಇವ.
ಮತ್ತೆ, ಒಳಗಿನ ಕಲ್ಲು ಹೊರಗೆ ಯಾಕೆ?
ಅಲ್ಲೇ ಬದಿಗೆ ಒತ್ತರಿಸುವುದು."

ಆ ರಾತ್ರಿ ಉಪ್ಪಳದ ಮನೆಯಲ್ಲಿ
ಉಮ್ಮ ಎರಡು ಸಲ ಊಟಕ್ಕೆ ಕರೆದರು.
ಬಾಯಲ್ಲಿ ಇನ್ನೊಂದು ಡಬ್ಬಿ, ಸರದಿಯ ಪಾಳಿ.
ನಿನ್ನೆಯಷ್ಟೇ ನೀರಿದ್ದರೆ ಬಾಯಿ ಬಿಡಬೇಡ.
ಒಮ್ಮೆಲೇ ನೆಗೆದ ಅಂಕಿ ಬಂದರೆ ನಂಬಬೇಡ,
ಕಸದ ಫೈಲಿಗೆ ಹಾಕು.
ಇಷ್ಟು ಬರೆದೆ. ಬೀಡಿಯ ಲೆಕ್ಕವನ್ನು
ನಿಮಿಷಕ್ಕಿಳಿಸಲು ಸ್ವಲ್ಪ ಯೋಚಿಸಬೇಕಾಯಿತು.

ಮಳೆ ನಿಂತ ಮೇಲೆ ಒಂದು ದಿನ ಕಸ ತೆರೆದು ನೋಡಿದೆ.
ಒಂಬತ್ತನೆಯದು, ಬೆಳಗಿನ ಐದು ಗಂಟೆ:
ಕೆಟ್ಟ ಗಾಳಿ ಏರಿದೆ,
ಶಾಖ ಅರ್ಧ ಡಿಗ್ರಿ ಮೇಲೆ.
ಆರಕ್ಕೆ ಮೊದಲಿನಂತೆ.
ಮರುದಿನವೂ. ನಾಲ್ಕು ದಿನ ಬಿಟ್ಟು ಮತ್ತೆ.
ಬಾವಲಿಗಳೆಂದುಕೊಂಡೆ;
ಬಾವಲಿಗಳು ಮೂರನೆಯದರ ಆಚೆ ಹೋಗುವುದಿಲ್ಲ.
ಸೆಲ್ಲು ಇಳಿದಿದೆಯೋ ಎಂದು ನೋಡಿದೆ, ಇಲ್ಲ.
ಆಮೇಲೆ ಒಂಬತ್ತರ ಪಕ್ಕದ ಗೂಡು ನೆನಪಾಯಿತು,
ಮೇಣದಬತ್ತಿ ಇಡಲು ಕಡಿದದ್ದು,
ಮಸಿ ಹಿಡಿದದ್ದು.
ಜ್ವಾಲೆ ಕುಗ್ಗಿದರೆ ಪಿಕ್ಕಾಸು ಬಿಟ್ಟು ಹಿಂದೆ ಬರಬೇಕು.
ಅವರ ಕಾಲದ ಡಬ್ಬಿ ಅದು.

ಕೇಳಿದೆ.
ಮೂಲ್ಯರು ಮೊಣಕಾಲು ಉಜ್ಜಿಕೊಂಡರು.
"ಬತ್ತಿ ಉರೀತದಾ ಅಂತ ನೋಡ್ಲಿಕ್ಕೆ ಹೋದದ್ದು, ಸುಮ್ಮನೆ.
ನಿನ್ನ ಡಬ್ಬಿ ಅದನ್ನೂ ಹೇಳಿತಾ?"
ಸ್ವಲ್ಪ ಹೊತ್ತು ಬಿಟ್ಟು,
"ಕಂಬ ಯಾರಿಗೆಲ್ಲ ಹೇಳ್ತದೆ?
ನನ್ನ ಮಗಳು ಶಾಂಭವಿಗೆ?"

ನನಗೆ ಮಾತ್ರ ಎಂದೆ.
ಅದು ಪೂರ್ತಿ ನಿಜವಲ್ಲ.
ತಿರುವನಂತಪುರದಲ್ಲಿ ಒಂದು ಸರ್ವರು ಉಂಟು,
ಅದಕ್ಕೆ ನಿದ್ದೆಯ ಪಾಳಿ ಇಲ್ಲ.

ತಿಂಗಳ ಕೊನೆಗೆ ದೋಷಗಳ ಪಟ್ಟಿ ಕಳಿಸಬೇಕು,
ಯಾವ ಡಬ್ಬಿ, ಯಾವ ಹೊತ್ತು, ಕಾರಣ ಏನು.
ಬರೆದೆ:
ಒಂಬತ್ತು. ಬೆಳಗಿನ ಐದು.
ದೋಷವಿಲ್ಲ. ಸರಿಯಾಗಿಯೇ ಓದುತ್ತಿದೆ.