ಸುಮ್ನೆ

ಇಡೀ ಕೊಪ್ಪರಿಗೆ ಕುದಿ ಬರಲು ಹದಿನಾಲ್ಕು ನಿಮಿಷ.
ಒಂದು ಅಲ್ಪವಿರಾಮ ಬದಲಿಸಿದರೂ ಹದಿನಾಲ್ಕೇ.
ನಾಲ್ಕು ಲಕ್ಷ ಸಾಲು ಕೋಡ್, ಇಪ್ಪತ್ತು ವರ್ಷದ್ದು,
ಬಿಟ್ಟುಹೋದವರ ಹೆಸರು ಅಲ್ಲಲ್ಲಿ ಟಿಪ್ಪಣಿಗಳಲ್ಲಿ:
‘ಇದನ್ನು ಮುಟ್ಟಬೇಡಿ. ಟೆರೆನ್ಸ್.’
ಟೆರೆನ್ಸ್ ಈಗ ವಿಟ್ಬಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಾನಂತೆ.
ನಾವಿನ್ನೂ ಮುಟ್ಟಿಲ್ಲ.

ಹಾಗಾಗಿ ಪಕ್ಕದಲ್ಲೊಂದು ಕರಿ ಕಿಟಕಿ ತೆರೆದಿಟ್ಟಿದ್ದೇನೆ.
ಸೌಟಿನಿಂದ ಒಂದು ತೊಟ್ಟು ಸಾರು
ಅಂಗೈಗೆ ಬಿಟ್ಟುಕೊಂಡು ನಾಲಗೆ ತಾಗಿಸುವ ಹಾಗೆ
ಐದು ಸಾಲು ಅಲ್ಲಿ ಹಾಕಿ ನೋಡುತ್ತೇನೆ.
ಎಂಟರ್. ಉಪ್ಪು ಸಾಕೇ? ಸಾಕು. ಅಳಿಸು.
ಎಂಟರ್. ಹುಳಿ ಹೆಚ್ಚಾಯಿತು. ಅಳಿಸು.
ಉಳಿಸಲೇಬೇಕಾದರೆ ಫೈಲಿಗೆ ‘ಸುಮ್ನೆ’ ಎಂದು ಹೆಸರು.
ಸುಮ್ನೆ, ಸುಮ್ನೆ ಎರಡು, ಸುಮ್ನೆ ಹೊಸದು,
ಸುಮ್ನೆ ಕೊನೇದು, ಸುಮ್ನೆ ನಿಜವಾಗ್ಲೂ ಕೊನೇದು.

ಹಾಗಂದರೇನು, ಪಕ್ಕದ ಮೇಜಿನ ಫಿಲಿಪ್ಪಾ ಕೇಳಿದ್ದಳು.
ಕಾರಣವಿಲ್ಲದೆ, ಅಂದೆ.
ಬಿಟ್ಟಿಯಾಗಿ, ಅಂತಲೂ.
ಬಾಯಿ ಮುಚ್ಚಿಕೊಂಡು, ಅಂತಲೂ.
ಒಂದು ಪದಕ್ಕೆ ಇಷ್ಟು ಪಾಳಿಯೇ,
ಅದಕ್ಕೂ ಸಂಬಳ ಹಾಕಿ ಅಂದಳು.

ಹಲ್ ಊರಿನ ನವೆಂಬರ್ ಗಾಳಿಗೆ ಹೆಸರಿಗೆ ತಕ್ಕ ಹಲ್ಲು.
ಕಿಟಕಿಯಾಚೆ ಹಂಬರ್ ನದಿ, ಬೆಲ್ಲದ ನೀರಿನ ಬಣ್ಣ.
ಆಸ್ಪತ್ರೆಗಳ ಸಂಬಳದ ಲೆಕ್ಕ ನಮ್ಮ ಪಾಲಿನದು.
ಇವತ್ತು ಬೆಳಿಗ್ಗೆ ಒಂದು ಕಾಗದ, ನೀಲಿ ಶಾಯಿಯಲ್ಲಿ,
ರಾತ್ರಿಪಾಳಿಯ ನರ್ಸ್ ಐವಿ ಕ್ಲೆಗ್:
‘ಗಡಿಯಾರ ಹಿಂದಕ್ಕೆ ತಿರುಗಿಸಿದ ಆ ರಾತ್ರಿ
ಎಂಟರಿಂದ ಎಂಟರವರೆಗೆ ವಾರ್ಡಿನಲ್ಲಿದ್ದೆ.
ಒಂದೂವರೆ ಎರಡು ಸಲ ಬಂತು.
ಮೊದಲ ಒಂದೂವರೆಗೆ ಏಳನೇ ಹಾಸಿಗೆಯವರು ನೀರು ಕೇಳಿದರು.
ಎರಡನೇ ಒಂದೂವರೆಗೆ ಅವರಿರಲಿಲ್ಲ.
ನೀವು ಒಂದಕ್ಕೇ ದುಡ್ಡು ಕೊಟ್ಟಿದ್ದೀರಿ.’

ಕೊಪ್ಪರಿಗೆಗೆ ಕೈ ಹಾಕಲಿಲ್ಲ. ಕರಿ ಕಿಟಕಿಯಲ್ಲಿ ಟೈಪಿಸಿದೆ:
ಶನಿವಾರ ರಾತ್ರಿ ಎಂಟು. ಭಾನುವಾರ ಬೆಳಿಗ್ಗೆ ಎಂಟು. ಕಳೆ.
ಹನ್ನೆರಡು, ಅಂತು,
ಮಗ್ಗಿ ಬಾಯಿಪಾಠ ಮಾಡಿದ ಹುಡುಗನ ಹಾಗೆ.
ಇದು ಯಾವ ದೇಶದ ಗಡಿಯಾರ ಎಂದು ಹೇಳಿಕೊಟ್ಟೆ.
ಮತ್ತೆ ಹನ್ನೆರಡು.
ಎರಡನ್ನೂ ಗ್ರೀನಿಚ್‌ಗೆ ಕಳಿಸಿ, ಅಲ್ಲಿ ಕಳೆ, ಅಂದೆ.

ಹದಿಮೂರು.

ಯಾರೋ ಕತ್ತಲ ವಾರ್ಡಿನಲ್ಲಿ
ಕುರ್ಚಿ ಎಳೆದುಕೊಂಡು ಕೂತ ಹಾಗಾಯಿತು.

ಅನ್ನ ಬೆಂದಿದೆಯೇ ತಿಳಿಯಲು ಒಂದಗುಳು ಸಾಕು ಅನ್ನುತ್ತಾರೆ.
ಅನ್ನಕ್ಕೆ ಸಾಕು. ಇಲ್ಲಿ
ಒಂದೊಂದು ಅಗುಳೂ ಬೇರೆ ಬೇರೆ ಗದ್ದೆಯದು.
ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ:
ಮಾರ್ಚ್ ತಿಂಗಳನ್ನೂ ಹಿಚುಕಿ ನೋಡಿದೆ.
ಗಡಿಯಾರ ಮುಂದಕ್ಕೆ ಹಾರುವ ರಾತ್ರಿ
ಒಂದೂವರೆ ಬರುವುದೇ ಇಲ್ಲ.
ದುಡಿದದ್ದು ಹನ್ನೊಂದು, ನಾವು ಕೊಟ್ಟದ್ದು ಹನ್ನೆರಡು.
ಇಪ್ಪತ್ತು ವರ್ಷದಲ್ಲಿ ಮಾರ್ಚಿನಲ್ಲಿ
ಒಬ್ಬರೂ ಕಾಗದ ಬರೆದಿಲ್ಲ.

ಹಾಗಾದರೆ ಚುಕ್ತಾ ಆಯಿತಲ್ಲ, ಫಿಲಿಪ್ಪಾ ಚಹಾ ಊದುತ್ತ ಅಂದಳು,
ಟೆರೆನ್ಸ್‌ಗೂ ಗೊತ್ತಿತ್ತೇನೋ, ಅದಕ್ಕೇ ಮುಟ್ಟಬೇಡಿ ಅಂದಿದ್ದ.
ಐವಿ ಆ ಮಾರ್ಚಿನ ರಾತ್ರಿ ಪಾಳಿಯಲ್ಲಿದ್ದರೇ?
ನೋಡಿದೆ. ರಜೆ. ಅದರ ಹಿಂದಿನ ವರ್ಷವೂ.

ಟೆರೆನ್ಸ್‌ನ ಟಿಪ್ಪಣಿಯ ಕೆಳಗೇ ಗ್ರೀನಿಚ್‌ನ ಸಾಲು ಸೇರಿಸಿದೆ.
ಅಕ್ಟೋಬರಿನಲ್ಲಿ ಐವಿಗೆ ಒಂದು ಗಂಟೆ ಕೊಡುವ ಸಾಲೇ
ಮಾರ್ಚಿನಲ್ಲಿ ಇನ್ನಾರದೋ ಗಂಟೆ ಕಿತ್ತುಕೊಳ್ಳುತ್ತದೆ,
ನನಗೆ ಹೆಸರು ಗೊತ್ತಿಲ್ಲದವರದು,
ಯಾರಿಗೋ ನೀರು ಕೊಟ್ಟು ಬಂದವರದು.
ಕುದಿಯಲು ಇಟ್ಟೆ. ಹದಿನಾಲ್ಕು ನಿಮಿಷ
ಸುಮ್ನೆ ಕೂತೆ.

ಕರಿ ಕಿಟಕಿಯಲ್ಲಿ ಇನ್ನೊಂದು ಸಾಲು ಶುರುವಾಗಿ ನಿಂತಿದೆ:
ತಿಂಗಳು ಮಾರ್ಚ್ ಆಗಿದ್ದರೆ,
ಅಷ್ಟೇ. ಮುಂದೆ ಬರೆದಿಲ್ಲ, ಅಳಿಸಿಯೂ ಇಲ್ಲ.
ಐದೂವರೆಗೆ ಕೋಟು ತೊಟ್ಟು ಮುಚ್ಚಲು ಹೋದರೆ
ಉಳಿಸಬೇಕೇ ಅಂತ ಕೇಳಿತು.
ಹೌದು ಒತ್ತಿದೆ.
ಹೆಸರು? ಅಂತು.