ಇನ್ನೂರಾರನೇ ಪುಟ

ಲಿಲೊಂಗ್ವೆಯಿಂದ ಮರಳುವ ರಾತ್ರಿ ಬಸ್ಸು.
ತಿಯಾಮಿಕೆಯ ತೊಡೆಯ ಮೇಲೆ ಸಂಘದ ತಗಡಿನ ಪೆಟ್ಟಿಗೆ,
ಬೀಗ ಮೂರು. ಬಸ್ ಚಾರ್ಜೂ ಅದರೊಳಗಿನದೇ.
ಒಂದು ಕೀಲಿ ಅವಳ ಸೊಂಟದಲ್ಲಿ,
ಒಂದು ಮೀನು ಒಣಗಿಸುವ ಅಬಿತಿ ಜಫಾಲಿಯ ಬಳಿ,
ಮೂರನೆಯದು ಪಾದ್ರಿಯ ಹೆಂಡತಿಯದು.
ಅವರಿಬ್ಬರಿಗೂ ಮಾತಿಲ್ಲ;
ಸೀಟು ಮಾತ್ರ ಒಂದೇ.

ಹೋದ ವರ್ಷ ದಾನಿಗಳು ಕೇಳಿದ್ದರು: ಅಂಕಿಅಂಶ ಎಲ್ಲಿ?
ಇವರು ಹೆರಿಗೆಗೆ ಹೋಗಿ ಮರಳದ
ಹುಡುಗಿಯರ ಹೆಸರು ಓದಿದರು.
ಅಧಿಕಾರಿ ಗಡಿಯಾರ ನೋಡಿಕೊಂಡ.

ಈ ಸಲ ಬಜೆಟ್ಟಿನ ಇನ್ನೂರಾರನೇ ಪುಟದಲ್ಲಿ
ಒಂದು ಸಾಲು.
ಮಂತ್ರಿಗಳ ಕಾರಿನ ಟೈರಿನ ಸಾಲಿಗೆ ಕೆಳಗೆ,
ಅದಕ್ಕಿಂತ ಸಣ್ಣ ಮೊತ್ತ.

ಮಂಕು ದೀಪದಲ್ಲಿ ಜೆರಾಕ್ಸ್ ಹಾಳೆ.
ತಿಯಾಮಿಕೆ ಬೆರಳಿಟ್ಟು ಓದುತ್ತಾಳೆ, ಎರಡು ಸಲ.
“ಇದಕ್ಕೂ ಬೀಗ ಬೇಕು,” ಪಾದ್ರಿಯ ಹೆಂಡತಿ
ಕಿಟಕಿಗೆ ಹೇಳಿದಂತೆ ಹೇಳುತ್ತಾಳೆ.

ಅಬಿತಿ ಅವಳತ್ತ ತಿರುಗಿ:
“ಕೀಲಿ ಯಾರ್ಯಾರ ಹತ್ತಿರ?”